ಬಾರದ ಹೂವಿನ ಜಾಡು ಹಿಡಿದು

ಬೆಳಿಗ್ಗೆ ಕಣ್ಣು ಬಿಡುವಷ್ಟರಲ್ಲಿ ಫೋನಿಗೆ ಹೂವು ಕಳಿಸುವ ಜನರನ್ನು ಕಂಡರೆ ನನಗೆ ಆಗುವುದಿಲ್ಲ. ಒಂದು ಕೆಂಪು ಗುಲಾಬಿ, ಪಕ್ಕದಲ್ಲಿ ಹಬೆಯಾಡುವ ಕಾಫಿ ಲೋಟ, ಮೇಲೆ ಶುಭೋದಯ, ಕೆಳಗೆ ಹೇಗೆ ಬಾಳಬೇಕು ಎಂಬ ಎರಡು ಸಾಲು ಉಪದೇಶ. ಉಪದೇಶ ಕೊಡುವುದು ನನ್ನ ಕೆಲಸ, ತೆಗೆದುಕೊಂಡು ಅಭ್ಯಾಸವಿಲ್ಲ. ಹಾಗಾಗಿ ನೆಂಟರು, ಗಿರಾಕಿಗಳು, ಮಹಿಳಾ ಸಂಘದವರು, ಎಲ್ಲರ ಹೂವಿನ ಬಾಯನ್ನೂ ಮುಚ್ಚಿಸಿ, ವಾರಕ್ಕೊಮ್ಮೆ ಅಂಗಳ ಗುಡಿಸಿದಂತೆ ಗುಡಿಸಿ ಹಾಕುತ್ತಿದ್ದೆ.

ಒಬ್ಬಳ ಹೂವನ್ನು ಮಾತ್ರ ಕಾಯುತ್ತಿದ್ದೆ. ಹೊನ್ನೆಹುಂಡಿಯ ಗೌರಮ್ಮನದು. ಅದೇನೂ ಚೆಂದವಿರಲಿಲ್ಲ. ಹತ್ತು ಜನರ ಕೈ ದಾಟಿ ಬಂದು ಮಸುಕಾಗಿ, ಸೇವಂತಿಗೆಯೋ ದಾಸವಾಳವೋ ತಿಳಿಯದ ಹಾಗೆ ಇರುತ್ತಿತ್ತು. ಆದರೆ ಆ ಹೂವು ಬಂತೆಂದರೆ ನಮ್ಮ ಊರೊಟ್ಟಿನ ವೈಫೈ, ಕಟ್ಟೆಮಳಲವಾಡಿಯ ನನ್ನ ಅಂಗಡಿಯ ತಾರಸಿಯಿಂದ ಹಿಡಿದು ಕಾಡಂಚಿನ ಆ ಕೊನೆಯ ಹಳ್ಳಿಯವರೆಗೆ, ಉಸಿರಾಡುತ್ತಿದೆ ಎಂದು ಅರ್ಥ. ದೊಡ್ಡ ಕಂಪನಿಯವರು ಇದನ್ನು ತಿಳಿಯಲು ಗೋಡೆ ತುಂಬ ಪರದೆ ಇಟ್ಟು ಜನರನ್ನು ಕೂರಿಸುತ್ತಾರಂತೆ. ನನಗೆ ಗೌರಮ್ಮನ ಸೇವಂತಿಗೆ ಸಾಕಾಗಿತ್ತು.

ಗುಜರಿ ಅಂಗಡಿಯವಳಿಗೆ ವೈಫೈ ಯಾಕೆ ಎಂದು ನೀವು ಕೇಳಬಹುದು. ಎಲ್ಲರೂ ಕೇಳಿದ್ದಾರೆ. ನಾನು ತಲೆಯ ಮೇಲೆ ಮಂಕರಿ ಹೊತ್ತು, ಕಡ್ಲೆಪುರಿ ಕೊಟ್ಟು ಹಳೇ ಕಬ್ಬಿಣ ಕೊಳ್ಳುತ್ತ ಬೀದಿ ಸುತ್ತಿದವಳು. ಮಂಕರಿ ಹೋಗಿ ತಳ್ಳುಗಾಡಿ, ತಳ್ಳುಗಾಡಿ ಹೋಗಿ ಶೆಡ್ಡು. ಈಗ ಹುಣಸೂರು ಕಡೆಯ ಯಾವ ಊರಿನಲ್ಲಿ ಬೋರ್‌ವೆಲ್ ಬತ್ತಿದರೂ ಅದರ ಪೈಪು ನನ್ನ ಶೆಡ್ಡಿಗೆ ಬರುತ್ತದೆ. ಕಾಡಂಚಿನ ಹಳ್ಳಿಗಳಿಗೆ ಫೋನು ಸಿಗದೆ, ನಾವೇ ಒಂದು ವೈರ್‌ಲೆಸ್ ಕಟ್ಟಿಕೊಳ್ಳೋಣ ಎಂದು ನಾಲ್ಕು ಊರಿನವರು ಸೇರಿದಾಗ, ಎತ್ತರದ ಕಂಬ ಎಲ್ಲಿಂದ ತರುವುದು ಎಂಬ ಪ್ರಶ್ನೆ ಬಂತು. ಕಂಬ ನನ್ನ ಹತ್ತಿರ ಇತ್ತು. ಕಂಬ ಕೊಡುತ್ತೇನೆ, ಪೇಟೆಯಿಂದ ಇಂಟರ್‌ನೆಟ್ ತಂತಿ ಬರುವ ತಾರಸಿ ನನ್ನದಾಗಿರಬೇಕು, ಸಂಘದ ಅಧ್ಯಕ್ಷತೆಯೂ ನನಗಿರಬೇಕು ಎಂದೆ. ಕೊಟ್ಟರು. ವ್ಯಾಪಾರದಲ್ಲಿ ಮೊದಲು ಬಾಯಿಬಿಟ್ಟವನು ಸೋಲುತ್ತಾನೆ ಎನ್ನುವವರ ಮಾತು ನಂಬಬೇಡಿ. ಬೇಕಾದ್ದನ್ನು ನಾಚಿಕೆ ಬಿಟ್ಟು ಕೇಳಿ. ಎದುರಿಗಿರುವವರು ನಾಚಿಕೊಂಡು ಕೊಟ್ಟುಬಿಡುತ್ತಾರೆ.

ಈ ವೈರ್‌ಲೆಸ್ ಎಂಬುದು ಏನು ಎಂದು ನನಗೆ ಲೋಕೇಶ ತಿಳಿಸಿಕೊಟ್ಟ. ಅವನು ನಮ್ಮೂರಿನಲ್ಲಿ ಟೀವಿ ಕೇಬಲ್ ಎಳೆಯುತ್ತಿದ್ದವನು, ಕೇಬಲ್ ವ್ಯಾಪಾರ ಬಿದ್ದುಹೋದ ಮೇಲೆ ನಮ್ಮ ಸಂಘದ ರಿಪೇರಿಯವನಾದ. ಮಾತಿನಲ್ಲಿ ನನಗಿಂತ ಒಂದು ಕೈ ಮೇಲೆ. ಕಂಬಕ್ಕೆ ಕಟ್ಟುವ ಆಂಟೆನಾ ತಟ್ಟೆ ತೋರಿಸಿ, ‘ಅಕ್ಕ, ಈ ತಟ್ಟೆ ಆ ತಟ್ಟೇನ ನೋಡ್ಬೇಕು, ಆ ತಟ್ಟೆ ಈ ತಟ್ಟೇನ ನೋಡ್ಬೇಕು. ಮಧ್ಯಕ್ಕೆ ಏನ್ ಬಂದ್ರೂ ಮಾತು ಬಂದ್’ ಎಂದ. ನನಗೆ ತಕ್ಷಣ ದನದ ಸಂತೆ ನೆನಪಾಯಿತು. ಅಲ್ಲಿ ಕೊಳ್ಳುವವನೂ ಮಾರುವವನೂ ಟವೆಲಿನ ಅಡಿಯಲ್ಲಿ ಕೈ ಹಿಡಿದು ಬೆರಳು ಒತ್ತಿ ಬೆಲೆ ಆಡುತ್ತಾರೆ. ಸುತ್ತ ನಿಂತವರಿಗೆ ಒಂದೂ ತಿಳಿಯುವುದಿಲ್ಲ. ಪಾಸ್‌ವರ್ಡ್ ಅಂದರೆ ಆ ಟವೆಲು. ಆದರೆ ಬೆರಳು ಟವೆಲಿನ ಕೆಳಗೆ ಇದ್ದರೂ ಕಣ್ಣು ಮಾತ್ರ ಎದುರಿನವನ ಕಣ್ಣಲ್ಲೇ ನೆಟ್ಟಿರಬೇಕು. ಕಣ್ಣು ತಪ್ಪಿತೋ, ವ್ಯಾಪಾರ ಮುರಿಯಿತು.

ನಮ್ಮ ತಾರಸಿಯಿಂದ ಹೊನ್ನೆಹುಂಡಿಗೆ ನೇರ ಕಣ್ಣು ಸಿಗುವುದಿಲ್ಲ, ನಡುವೆ ದಿಣ್ಣೆ. ಆದ್ದರಿಂದ ದಿಣ್ಣೆಯ ಮೇಲಿನ ಮಾವಿನಕೊಪ್ಪಲಿನಲ್ಲಿ ಪುಟ್ಟೇಗೌಡರ ಹೊಗೆಸೊಪ್ಪಿನ ಬ್ಯಾರನ್ ತಲೆಯ ಮೇಲೆ ಒಂದು ಕಂಬ ನಿಲ್ಲಿಸಿದೆವು. ಬ್ಯಾರನ್ ಅಂದರೆ ಸೊಪ್ಪು ಬೇಯಿಸುವ ಗೂಡು. ನಮ್ಮ ಕಡೆ ಹಳ್ಳಿಗಳಲ್ಲಿ ಅದಕ್ಕಿಂತ ಎತ್ತರದ ಕಟ್ಟಡವಿಲ್ಲ. ಮನೆಗೆ ಅಂಟಿಕೊಂಡೇ ಇತ್ತು, ಕರೆಂಟೂ ಮನೆಯೊಳಗಿನಿಂದಲೇ. ಅಲ್ಲಿ ಎರಡು ತಟ್ಟೆ: ಒಂದು ನಮ್ಮ ಕಡೆ ಮುಖ, ಒಂದು ಕಾಡಿನ ಕಡೆ ಮುಖ. ಪುಟ್ಟೇಗೌಡರ ತಾಯಿ ಸಣ್ಣಮ್ಮಜ್ಜಿ ಜಗಲಿಯ ಮೇಲೆ ಕೂತು, ಕೋತಿ ಬಂದರೆ ‘ಥೂ ನಿನ್ ಮನೆ ಹಾಳಾಗ’ ಎಂದು ಕೋಲು ಬೀಸುತ್ತಿದ್ದಳು. ಆ ಕೋಲೂ ನಮ್ಮ ನೆಟ್‌ವರ್ಕಿನ ಒಂದು ಭಾಗ ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ಇನ್ನು ಗೌರಮ್ಮ. ಅವಳು ಆಶಾ ಕಾರ್ಯಕರ್ತೆ. ಊರಿನ ಬಸುರಿಯರು, ಬಾಣಂತಿಯರು, ಮಕ್ಕಳ ಚುಚ್ಚುಮದ್ದು ಎಲ್ಲ ಅವಳ ತಲೆಯ ಮೇಲೆ. ಆ ವರ್ಷ ಅವಳ ಸೊಸೆ ಸವಿತಳೇ ಬಸುರಿ. ದಿನ ತುಂಬುತ್ತ ಬಂದಂತೆ ಹುಡುಗಿಗೆ ಕಾಲು ಊದಿತು, ಬಿಪಿ ಏರಿತು. ಆಸ್ಪತ್ರೆಯ ಡಾಕ್ಟರಮ್ಮ, ದಿನಾ ಬಿಪಿ ನೋಡಿ ಫೋಟೊ ಕಳಿಸು, ತಲೆನೋವು ಬಂದರೆ, ಕಣ್ಣು ಕತ್ತಲಿಟ್ಟರೆ ಒಂದು ಗಳಿಗೆಯೂ ಕಾಯಬೇಡ, ಆಂಬುಲೆನ್ಸ್ ಕರೆ ಎಂದಿದ್ದರು. ಗೌರಮ್ಮ ಯಂತ್ರದ ಫೋಟೊವನ್ನು ಡಾಕ್ಟರಮ್ಮನಿಗೆ ಕಳಿಸಿ, ಹೂವನ್ನು ನನಗೆ ಕಳಿಸುತ್ತಿದ್ದಳು. ಎರಡೂ ಒಂದೇ ದಾರಿಯಲ್ಲಿ ದಿಣ್ಣೆ ಹತ್ತಿ ಇಳಿದು ಬರುತ್ತಿದ್ದವು. ಆ ಹುಂಡಿಯಿಂದ ಹೊರಗಿನ ಲೋಕಕ್ಕೆ ಬೇರೆ ದಾರಿ ಇರಲಿಲ್ಲ. ಬಸ್ಸು ದಿನಕ್ಕೊಮ್ಮೆ. ಕಾಡಿನ ಗೇಟು ಸಂಜೆ ಮುಚ್ಚಿದರೆ ಬೆಳಿಗ್ಗೆಯೇ.

ಒಂದು ಬೆಳಿಗ್ಗೆ ಹೂವು ಬರಲಿಲ್ಲ.

ಸತ್ಯ ಹೇಳಬೇಕೆಂದರೆ ಮೊದಲು ಹಾಯೆನಿಸಿತು. ಅಂಗಡಿ ತೆಗೆದು, ಒಂದು ಲೋಡು ತಗಡು ಇಳಿಸಿ, ಕಾಫಿ ಕುಡಿದ ಮೇಲೆ ಮತ್ತೆ ಫೋನು ತೆಗೆದು ನೋಡಿದೆ, ಹೂವಿಲ್ಲ. ತಾರಸಿಗೆ ಹೋಗಿ ನೋಡಿದರೆ ಡಬ್ಬಿಯ ದೀಪ ಕೆಂಪು. ಲೋಕೇಶನನ್ನು ಕರೆದೆ.

ಲೋಕೇಶನ ವಿದ್ಯೆಯಲ್ಲಿ ಮೂರು ಮೆಟ್ಟಿಲು. ಆರಿಸಿ ಹಾಕುವುದು, ಕಿತ್ತು ಚುಚ್ಚುವುದು, ಹತ್ತಿ ನೋಡುವುದು. ಮೂರರಲ್ಲೂ ಆಗದಿದ್ದರೆ ‘ಮೇಲಿಂದ ಪ್ರಾಬ್ಲಮ್ಮು’ ಎನ್ನುತ್ತಾನೆ. ಮೇಲೆ ಎಂದರೆ ಕಂಪನಿಯೋ ದೇವರೋ ಎಂದು ನಾನು ಕೇಳಿಲ್ಲ. ಅವತ್ತು ಮೂರನ್ನೂ ಮಾಡಿದ. ನಮ್ಮ ಕಡೆ ಎಲ್ಲ ಸರಿ. ಕೊಪ್ಪಲಿನ ತಟ್ಟೆ ಉತ್ತರ ಕೊಡುತ್ತಿಲ್ಲ. ದಿಣ್ಣೆಯ ಮೇಲಿನ ಆ ಊರಿಗೆ ಮಾಮೂಲಿ ಫೋನು ಸಿಗುತ್ತದೆ. ಪುಟ್ಟೇಗೌಡರಿಗೆ ಫೋನು ಮಾಡಿದ, ಎತ್ತಲಿಲ್ಲ. ಆ ಊರಿನ ತನ್ನ ಷಡ್ಡಕನಿಗೆ ಮಾಡಿದ.

‘ಲೇ, ನಿಮ್ಮೂರಲ್ಲಿ ಕರೆಂಟ್ ಐತೇನ್ಲಾ?’

‘ಐತೆ ಕಣ್ಲಾ, ಯಾಕೆ?’

‘ಏನಿಲ್ಲ ಬುಡು, ಫೋನ್ ಮಡಗು.’

ಇಷ್ಟೇ. ಫೋನು ಜೇಬಿಗೆ ಹಾಕಿ, ತನಿಖೆ ಮುಗಿಸಿದ ಪೊಲೀಸಿನವನಂತೆ ನನ್ನ ಕಡೆ ತಿರುಗಿದ. ‘ಅಕ್ಕ, ಕರೆಂಟ್ ಐತೆ. ಅಂಗಾದ್ರೆ ಮರ.’

ಮರ ಅಂದರೆ ಸಿಲ್ವರ್ ಓಕ್. ನಮ್ಮ ಕಡೆ ಬ್ಯಾರನ್ ಸೌದೆಗೆಂದು ಎಲ್ಲರೂ ಬದುವಿನ ಮೇಲೆ ನೆಡುವ ಮರ, ನೋಡನೋಡುತ್ತ ಆಕಾಶಕ್ಕೆ ಹೋಗುತ್ತದೆ. ದಿಣ್ಣೆಯ ಈ ಕಡೆ ಒಬ್ಬ ಮುದುಕರ ಜಮೀನಿನಲ್ಲಿ ಒಂದು ಸಾಲು ಇತ್ತು. ತಾರಸಿಯಿಂದ ನೋಡಿದರೆ ಅದರ ತುದಿ ಬ್ಯಾರನ್ನಿನ ತಲೆಯನ್ನು ಅರ್ಧ ಮುಚ್ಚಿದಂತೆ ಕಾಣುತ್ತಿತ್ತು. ನಾನು ಹೊರಟೆ. ವ್ಯಾಪಾರ ಎಂದರೆ ನನಗೆ ಮೈಯಲ್ಲಿ ರಕ್ತ ಓಡುತ್ತದೆ.

ಮುದುಕರು ಬಿಡಲಿಲ್ಲ. ಮರ ಇನ್ನೂ ಎಳಸು, ತುದಿ ಹೋದರೆ ಬೆಳೆಯುವುದಿಲ್ಲ ಎಂದರು. ನಾನು ಅವರ ಪಂಪ್‌ಸೆಟ್ಟಿನ ಹಳೇ ಸ್ಟಾರ್ಟರಿನ ಮಾತು ಎತ್ತಿದೆ, ಮೊಮ್ಮಗಳ ಆನ್‌ಲೈನ್ ಪಾಠದ ಮಾತು ಎತ್ತಿದೆ, ಕೊನೆಗೆ ಹೊನ್ನೆಹುಂಡಿಯ ಬಸುರಿಯ ಮಾತು ಎತ್ತಿದೆ. ಅಲ್ಲಿ ಸೋತರು. ‘ಅಂಗಂತ ಮೊದ್ಲೇ ಯೋಳ್ಬಾರ್ದೇನವ್ವ’ ಎಂದರು. ಗೆದ್ದೆ ಎಂದುಕೊಂಡೆ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಸಾಲಿನಲ್ಲಿದ್ದ ಎತ್ತರದ ಮರಗಳ ತುದಿಯೆಲ್ಲ ನೆಲದ ಮೇಲಿತ್ತು. ತಾರಸಿಗೆ ಬಂದು ನೋಡಿದರೆ ದೀಪ ಕೆಂಪಾಗಿಯೇ ಇತ್ತು. ಬೆಳಗಿನ ಹಾಗೆಯೇ, ಒಂದು ಚೂರೂ ಬದಲಾಗದೆ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಯಾವ ವಸ್ತು ಕೆಟ್ಟರೂ ಮನುಷ್ಯ ಮೊದಲು ತನಗೆ ಬರುವ ಕೆಲಸದಲ್ಲೇ ಅದರ ಮದ್ದು ಹುಡುಕುತ್ತಾನೆ. ಹತ್ತುವುದು ಬಂದವನು ಹತ್ತುತ್ತಾನೆ, ಚೌಕಾಸಿ ಬಂದವಳು ಚೌಕಾಸಿ ಮಾಡುತ್ತಾಳೆ. ವೈದ್ಯರಲ್ಲೂ ಹೀಗೆಯೇ ಎಂದು ಕೇಳಿದ್ದೇನೆ. ಗುಜರಿಯಲ್ಲಿ ನಾನು ಹೀಗೆ ಮಾಡುವುದಿಲ್ಲ. ಕೆಟ್ಟ ಮೋಟಾರು ಬಂದರೆ ಬಿಚ್ಚುವ ಮೊದಲು ತಂದವನನ್ನು ಕೂರಿಸಿ, ಯಾವಾಗ ನಿಂತಿತು, ಅವತ್ತು ಮನೆಯಲ್ಲಿ ಏನಾಗಿತ್ತು ಎಂದು ಕೇಳುತ್ತೇನೆ. ಅರ್ಧ ರೋಗ ಅವನ ಬಾಯಲ್ಲೇ ಹೊರಬೀಳುತ್ತದೆ. ಅವತ್ತು ಆ ಬುದ್ಧಿ ಶೆಡ್ಡಿನಲ್ಲೇ ಉಳಿದಿತ್ತು.

ಮರುದಿನ ಮಧ್ಯಾಹ್ನ ಗಾಡಿಯಲ್ಲಿ ಲೋಕೇಶನನ್ನು ಕೂರಿಸಿಕೊಂಡು ಕೊಪ್ಪಲಿಗೆ ಹೋದೆ. ಅವನ ಹೆಗಲಲ್ಲಿ ಹೊಸ ಅಡಾಪ್ಟರು, ವೈರಿನ ಸುರುಳಿ, ಸ್ಕ್ರೂಡ್ರೈವರು. ಪುಟ್ಟೇಗೌಡರ ಬೀದಿಗೆ ತಿರುಗಿದ್ದೇ ತಡ ಅವನು ಗಕ್ಕನೆ ನಿಂತ. ಮನೆಗೆ ಬೀಗ. ಬಾಗಿಲಿಗೆ ಅಡ್ಡಲಾಗಿ ಕಾರೆಮುಳ್ಳಿನ ದೊಡ್ಡ ಕೊಂಬೆ ಒರಗಿಸಿತ್ತು. ಜಗಲಿಯ ಮೇಲೆ ಅಜ್ಜಿಯಿಲ್ಲ. ಬ್ಯಾರನ್ನಿನ ತುದಿಯಲ್ಲಿ ನಮ್ಮ ತಟ್ಟೆಯ ಮೇಲೆ ಒಂದು ಕೋತಿ ಆರಾಮಾಗಿ ಕೂತು ಹೇನು ಹೆಕ್ಕುತ್ತಿತ್ತು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆ ಕಡೆಯವರು ಓದುತ್ತಿದ್ದರೆ ಹೇಳುತ್ತೇನೆ. ಕೆಟ್ಟ ನಕ್ಷತ್ರದಲ್ಲಿ ಮನೆಯಲ್ಲಿ ಸಾವಾದರೆ ಆ ಮನೆಯನ್ನು ಬಿಡಬೇಕು. ಎಷ್ಟು ದಿನ ಎಂದು ಐನೋರು ಪಂಚಾಂಗ ನೋಡಿ ಹೇಳುತ್ತಾರೆ. ಒಂದೊಂದು ನಕ್ಷತ್ರಕ್ಕೆ ಒಂದೊಂದು ಲೆಕ್ಕ. ಹೆಣ ಎತ್ತಿದ ಮೇಲೆ ದೀಪವೆಲ್ಲ ಆರಿಸಿ, ಬೀಗ ಹಾಕಿ, ಬಾಗಿಲಿಗೆ ಮುಳ್ಳು ಹಾಕಿ ಹೊರಟರೆ, ಅವಧಿ ಮುಗಿದು ಶಾಂತಿ ಮಾಡಿಸುವವರೆಗೆ ಯಾರೂ ಒಳಗೆ ಕಾಲಿಡುವುದಿಲ್ಲ. ದೀಪ ಎಂದರೆ ಹಿಂದೆ ಎಣ್ಣೆಯ ದೀಪ. ಈಗ ಮೈನ್ ಸ್ವಿಚ್ಚು.

ಲೋಕೇಶನ ಷಡ್ಡಕ ಎದುರು ಮನೆಯಿಂದ ಹೊರಬಂದ. ‘ಸಣ್ಣಮ್ಮಜ್ಜಿ ಓಗ್ಬುಡ್ತು ಕಣಕ್ಕ. ಮೊನ್ನೆ ಬೈಗೆ. ರಾತ್ರೀನೇ ಎತ್ತುಬುಟ್ರು. ಮೂರ್ ತಿಂಗ್ಳು ಮನೆ ಬುಡ್ಬೇಕು ಅಂದ್ರು.’

ಲೋಕೇಶನಿಗೆ ರೇಗಿತು. ‘ನೆನ್ನೆ ಫೋನ್ ಮಾಡ್ದಾಗ ಯಾಕ್ಲಾ ಯೋಳ್ಲಿಲ್ಲ ನೀನು?’

‘ನೀನ್ ಕೇಳುದ್ದು ಊರಲ್ಲಿ ಕರೆಂಟ್ ಐತಾ ಅಂತ. ಊರಲ್ಲಿ ಐತೆ. ಯಾರಾದ್ರೂ ಸತ್ರಾ ಅಂತ ಕೇಳುದ್ಯಾ? ಮಡಗು ಅಂದೆ, ಮಡಗ್ದೆ.’

ಸುತ್ತಿನ ಊರುಗಳ ಮದುವೆ, ಸಾವು, ನಾಮಕರಣ ಎಲ್ಲವನ್ನೂ ಆ ತಟ್ಟೆಗಳು ಇಷ್ಟು ದಿನ ಹೊತ್ತು ತಂದಿದ್ದವು. ತಾವು ನಿಂತ ಮನೆಯ ಸಾವನ್ನು ಮಾತ್ರ ತರಲಾರದೆ ಹೋದವು. ಸಾವಿನ ಸುದ್ದಿ ಹೊರಡುವ ಮೊದಲು ಮೈನ್ ಆರಿಹೋಗಿತ್ತು.

ಪುಟ್ಟೇಗೌಡರು ಊರಾಚೆ ತಮ್ಮ ಚಿಕ್ಕೇಗೌಡನ ಮನೆಯಲ್ಲಿದ್ದರು. ತಲೆ ಬೋಳಿಸಿಕೊಂಡು, ಹೊದ್ದ ಟವೆಲಿನಲ್ಲಿ ಕೈ ಮುದುಡಿ, ಪಡಸಾಲೆಯ ಮೂಲೆಯಲ್ಲಿ ಕೂತಿದ್ದರು. ನಾನು ವ್ಯಾಪಾರದವಳು, ಎದುರಿನವರ ಮುಖ ನೋಡಿ ಮಾತು ಶುರುಮಾಡುವುದು ನನ್ನ ಅನ್ನ. ಆದರೂ ಆತುರಕ್ಕೆ ನನ್ನ ಬಾಯಿಂದ ಮೊದಲು ಬಂದದ್ದು ಇದು: ‘ಗೌಡ್ರೇ, ಒಂದು ಗಳಿಗೆ ಮೈನ್ ಹಾಕಿಸಿಕೊಡಬೇಕಲ್ಲ.’

ಅವರು ಪಕ್ಕದ ಚಾಪೆಯನ್ನು ನನ್ನ ಕಡೆ ಸರಿಸಿದರು.

‘ಬಾವ್ವ ನಾಗೂ, ಕೂತ್ಕೊ. ನಮ್ಮವ್ವ ಸತ್ಲು ಅಂತ ಸುತ್ತ ಊರೋರೆಲ್ಲ ಬಂದೋದ್ರು. ನೀನೂ ಬಂದೆ ಅನ್ಕಂಡೆ. ನೀನ್ ತಟ್ಟೆ ಕೇಳಕ್ ಬಂದಿದ್ದೀಯ.’

ಕೂತೆ. ಲೋಕೇಶ ಸ್ಕ್ರೂಡ್ರೈವರನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ಒಂದಷ್ಟು ಹೊತ್ತು ಅಜ್ಜಿಯ ಮಾತಾಡಿದೆವು. ಕೊನೆಗಾಲದಲ್ಲಿ ಏನು ತಿಂದಳು, ಯಾರನ್ನು ಕೇಳಿದಳು, ಕೋಲನ್ನು ಚಟ್ಟದ ಜೊತೆ ಕಳಿಸಿದರೋ ಇಲ್ಲವೋ. ಕಳಿಸಿದ್ದರಂತೆ. ಆಮೇಲೆ ಸವಿತಳ ವಿಷಯ ಹೇಳಿದೆ. ಕೊಪ್ಪಲಿನ ದೀಪ ಆರಿದರೆ ಹೊನ್ನೆಹುಂಡಿಗೆ ಆಂಬುಲೆನ್ಸ್ ಕರೆಯಲೂ ದಾರಿಯಿಲ್ಲ ಎಂದೆ. ಬೀಗ ತೆಗೆಯುವುದು ಬೇಡ, ಕಿಟಕಿಯಿಂದ ಒಂದು ಕೋಲು ತೂರಿಸಿ ಸ್ವಿಚ್ಚು ಎತ್ತಿದರೆ ಸಾಕು ಎಂದೆ. ಬೇಡವಾದರೆ ಎದುರು ಮನೆಯಿಂದ ಬ್ಯಾರನ್ ತಲೆಗೆ ವೈರು ಎಳೆಯುತ್ತೇವೆ ಎಂದೆ. ಐನೋರನ್ನು ನಾನೇ ಹೋಗಿ ಕೇಳುತ್ತೇನೆ, ಅವರು ಹೂಂ ಅಂದರೆ ನೀವೂ ಹೂಂ ಅನ್ನಿ ಎಂದೆ. ಒಂದೊಂದು ಮೆಟ್ಟಿಲೂ ಇಳಿದೆ. ನನ್ನ ಬಾಳಿನಲ್ಲಿ ಯಾರ ಮುಂದೆಯೂ ಅಷ್ಟು ಇಳಿದಿರಲಿಲ್ಲ.

ಪುಟ್ಟೇಗೌಡರು ಕೋಪಿಸಿಕೊಳ್ಳಲಿಲ್ಲ. ಕೋಪಿಸಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು. ‘ನಾನು ನಂಬ್ತೀನೋ ಬುಡ್ತೀನೋ ಆ ಮಾತು ಬ್ಯಾಡ. ಮನೇಲಿ ಮೊಮ್ಮಕ್ಕಳವೆ ಕಣವ್ವ. ನಾಳೆ ಒಂದು ಮಗೀಗೆ ಜ್ವರ ಬಂದ್ರೆ, ಬರೀ ಜ್ವರ, ನನ್ ಸೊಸೆ ನನ್ ಮಕ ನೋಡ್ತಾಳೆ. ಬಾಯ್ಬುಟ್ಟು ಏನೂ ಅನ್ನಾಕಿಲ್ಲ. ಬರೀ ನೋಡ್ತಾಳೆ. ಅದುಕ್ಕೇನ್ ಕೊಡ್ತೀಯ ನೀನು?’

ಅಂಜಿಕೆಗೆ ನನ್ನ ಶೆಡ್ಡಿನಲ್ಲಿ ಬದಲು ಸಾಮಾನಿಲ್ಲ. ಲೋಕೇಶನ ಕಡೆ ನೋಡಿದೆ. ಅವನು ಆಗಲೇ ತಲೆ ಅಲ್ಲಾಡಿಸುತ್ತಿದ್ದ. ‘ಬ್ಯಾರನ್ ಮ್ಯಾಲಕ್ಕೆ ನಾನ್ ಅತ್ತಾಕಿಲ್ಲ ಕಣಕ್ಕ. ನನ್ಗೂ ಮನೆ ಮಠ ಐತೆ.’ ಬೈಯಲು ಬಾಯಿ ತೆರೆದೆ. ಹಾಗಾದರೆ ನೀನೇ ಹತ್ತು ಎಂದು ಅವನು ಅಂದುಬಿಟ್ಟರೆ? ನಾನು ಮೂಢನಂಬಿಕೆ ವಿಷಯದಲ್ಲಿ ಸಂಘದ ಸಭೆಯಲ್ಲಿ ಭಾಷಣ ಮಾಡಿದವಳು. ಆ ಬೀದಿಯಲ್ಲಿ ಆ ಮುಳ್ಳಿನ ಮುಂದೆ ನಿಂತಾಗ ನನ್ನ ಕಾಲೂ ಜಗಲಿ ಮುಟ್ಟಿರಲಿಲ್ಲ, ಅದು ನನಗೆ ಗೊತ್ತಿತ್ತು. ಬಾಯಿ ಮುಚ್ಚಿದೆ.

ಆಗ ಒಳಗಿನಿಂದ ಪುಟ್ಟೇಗೌಡರ ಹೆಂಡತಿ ಜಯಮ್ಮ ಬಂದು ಬಾಗಿಲಿಗೆ ಒರಗಿ ನಿಂತರು. ಇಷ್ಟು ಹೊತ್ತೂ ಎಲ್ಲ ಕೇಳಿಸಿಕೊಂಡಿದ್ದರು. ‘ಆ ಮನೆ ತಟ್ಟೇನೇ ಆಗ್ಬೇಕಾ? ಈ ಮನೆ ಮೇಲೆ ಕಂಬ ನಿಲ್ಸುದ್ರೆ ಆಗಾಕಿಲ್ವಾ?’

ನಾನೂ ಲೋಕೇಶನೂ ಮುಖ ಮುಖ ನೋಡಿಕೊಂಡೆವು. ಚಿಕ್ಕೇಗೌಡನ ಮನೆ ದಿಣ್ಣೆಯ ಇಳಿಜಾರಿನಲ್ಲಿತ್ತು. ಕಂಬ ಇನ್ನೂ ಎತ್ತರ ಬೇಕು. ಎತ್ತರದ ಕಂಬ ನನ್ನ ಶೆಡ್ಡಿನಲ್ಲಿ ಬಿದ್ದಿತ್ತು, ಹಳೇ ತಟ್ಟೆಗಳೂ ಇದ್ದವು. ಇಷ್ಟು ಸಲೀಸಾದ ಮಾತು ನಮಗೆ ಯಾಕೆ ಹೊಳೆಯಲಿಲ್ಲ? ಕೆಟ್ಟದ್ದನ್ನು ಸರಿಮಾಡಬೇಕು ಎಂದು ಹಟ ಹಿಡಿದವರಿಗೆ ಕೆಟ್ಟದ್ದನ್ನು ಅದರ ಪಾಡಿಗೆ ಬಿಟ್ಟು ಪಕ್ಕಕ್ಕೆ ಸರಿಯುವುದು ಕಡೆಗೆ ಹೊಳೆಯುತ್ತದೆ. ಚಿಕ್ಕೇಗೌಡ ಕೂಡಲೇ ಒಪ್ಪಿದ. ನಾನು ಬಾಯಿ ತೆರೆಯುವ ಮೊದಲೇ ಒಪ್ಪಿದ. ಅಷ್ಟು ಬೇಗ ಮುಗಿದ ವ್ಯಾಪಾರ ನನ್ನ ಲೆಕ್ಕದಲ್ಲಿ ಬೇರೆ ಇಲ್ಲ.

ಆದರೆ ಅಷ್ಟರಲ್ಲಿ ಹೊತ್ತು ಇಳಿದಿತ್ತು. ಲೋಕೇಶನನ್ನು ಹೊನ್ನೆಹುಂಡಿಗೆ ಅಟ್ಟಿದೆ, ತಟ್ಟೆ ಆಮೇಲೆ, ಮೊದಲು ಸವಿತ ಹೇಗಿದ್ದಾಳೆ ನೋಡು ಎಂದು. ಕಾಡಿನ ಗೇಟಿನ ಹತ್ತಿರ ಹೋಗುವಷ್ಟರಲ್ಲಿ ಅಡ್ಡಪಟ್ಟಿ ಬಿದ್ದಿತ್ತು. ರಸ್ತೆಯಲ್ಲಿ ಆನೆ ಇದೆ ಎಂದು ಗಾರ್ಡು ಬಿಡಲಿಲ್ಲ. ಅವನು ವಾಪಸು ಬಂದ. ಮುಂಚಿನ ದಿನ ನಾವು ಸಿಲ್ವರ್ ಮರದ ತುದಿ ಕಡಿಸಿದ ಹೊತ್ತಿನಲ್ಲಿ ಆ ಗೇಟು ತೆರೆದೇ ಇತ್ತು.

ಮಾರನೆಯ ಬೆಳಿಗ್ಗೆ ಪೈಪು, ತಟ್ಟೆ ಎಲ್ಲ ಹೇರಿಕೊಂಡು ಕೊಪ್ಪಲಿಗೆ ಬಂದೆ. ಕೊಪ್ಪಲಿನ ಗಂಡಸರೆಲ್ಲ ಕೈಹಚ್ಚಿ ಚಿಕ್ಕೇಗೌಡನ ತಾರಸಿಯ ಮೇಲೆ ಕಂಬ ಎತ್ತಿದರು. ಪುಟ್ಟೇಗೌಡರು ಸೂತಕದ ಮೈ ಎಂದು ಕಂಬ ಮುಟ್ಟದೆ ದೂರ ನಿಂತು, ‘ಎಡಕ್ಕೆ, ವಸಿ ಎಡಕ್ಕೆ’ ಎಂದು ಕೂಗುತ್ತಿದ್ದರು. ಹೊಸ ಕಂಬಕ್ಕೆ ಸರಿಯಾಗಿ ನಮ್ಮ ತಾರಸಿಯ ತಟ್ಟೆಯನ್ನು ಹೊರಡುವ ಮೊದಲೇ ತಿರುಗಿಸಿದ್ದೆವು, ಹುಂಡಿಯ ಕಡೆಯ ತಟ್ಟೆಯ ಮುಖವನ್ನೂ ತಿರುಗಿಸಬೇಕು. ಅದಕ್ಕೆ ಲೋಕೇಶ ಗೇಟು ತೆರೆಯುವುದನ್ನೇ ಕಾದು ಒಳಗೆ ಹೋಗಿದ್ದ. ನಾನು ಕಂಬದ ಬುಡದಲ್ಲಿ, ಕೈಯಲ್ಲಿ ಫೋನು ಹಿಡಿದು, ಕಾಡಿನ ಕಡೆ ನೋಡುತ್ತ ನಿಂತಿದ್ದೆ.

ದೀಪ ಹಸಿರಾಯಿತು. ಜನ ಹೋ ಎಂದರು. ನನ್ನ ಫೋನು ನಡುಗತೊಡಗಿತು.

ಹೂವು. ಬಿಳಿ ಸೇವಂತಿಗೆ. ಅದರ ಬೆನ್ನಿಗೇ ಇನ್ನೊಂದು ಹೂವು. ‘ಅಕ್ಕ ಲೈನ್ ಇಲ್ವಾ?’ ಬಿಪಿ ಯಂತ್ರದ ಫೋಟೊ. ಡಾಕ್ಟರಮ್ಮನಿಗೆ ಹೋಗದೆ ನನಗಾದರೂ ಹೋಗಲಿ ಎಂದು ಕಳಿಸಿದ್ದಿರಬೇಕು. ಇನ್ನೊಂದು ಫೋಟೊ, ಅಂಕಿ ಮೇಲೇರಿದ್ದು. ಆಮೇಲೆ ಅವಳ ದನಿ: ‘ಅಕ್ಕ, ಸವಿತ ತಲೆ ಸಿಡೀತದೆ ಅಂತಾವ್ಳೆ. ಕಣ್ಣು ಸರ್ಯಾಗಿ ಕಾಣಾಕಿಲ್ಲ ಅಂತಾವ್ಳೆ. ಡಾಕ್ಟ್ರಮ್ಮಂಗೆ ಓಯ್ತಾ ಇಲ್ಲ. ನಿಮ್ಗಾದ್ರೂ ಓಯ್ತದಾ?’ ಆಮೇಲೆ ಎರಡೇ ಪದ: ‘ಗಾಡಿ ಕಳ್ಸಿ.’ ಅದೇ ಎರಡು ಪದ ಮತ್ತೆ, ಮತ್ತೆ. ಆಮೇಲೆ ಏನೂ ಇಲ್ಲ.

ಎಲ್ಲ ಒಂದೇ ಉಸಿರಿಗೆ ಬಂದು ಬಿದ್ದವು. ಕೂಗಿದ ಹೊತ್ತು ಬೇರೆ ಬೇರೆ, ಕೇಳಿಸಿದ ಹೊತ್ತು ಒಂದೇ. ತಾರಸಿಯ ಮೇಲಿದ್ದವರು ಇನ್ನೂ ಚಪ್ಪಾಳೆ ತಟ್ಟುತ್ತಿದ್ದರು.

ಹೊಸ ದಾರಿಯಲ್ಲಿ ಬಂದ ಮೊದಲ ಕರೆ ಲೋಕೇಶನದು. ‘ಅಕ್ಕ... ಲೈನ್ ಬಂತಾ?’

‘ಬಂತು. ಸವಿತ ಎಲ್ಲೋ?’

‘ಮನೆಗೆ ಬೀಗ ಅಕ್ಕ. ನೆನ್ನೆ ಬೈಗೆ ಗೇಟ್ ಮುಚ್ಚಕ್ ಮುಂಚೆ, ಶುಂಠಿ ತುಂಬ್ಕೊಂಡು ಹೊಂಟಿದ್ ಪಿಕಪ್ಪಲ್ಲಿ ಮೈಸೂರಿಗೆ ಕರ್ಕೊಂಡೋದ್ರಂತೆ. ಅದ್ರ ಡ್ರೈವರು, ಯಾರೋ ಮಲಯಾಳಿ, ಮೂಟೆ ಎಲ್ಲ ಇಳ್ಸಾಕಿ ಮಲಗ್ಸ್ಕೊಂಡೋದ್ನಂತೆ. ಗೌರಕ್ಕ ಆತ್ರಕ್ಕೆ ಫೋನ್ ಚಾರ್ಜಿಗ್ ಹಾಕಿದ್ದು ಇಲ್ಲೇ ಬುಟ್ಟೋಗವ್ಳೆ. ಕಿಟಕೀಲಿ ಕಾಣ್ತದೆ.’

ಹಾಗೆ, ಬೀಗ ಹಾಕಿದ ಮನೆಯೊಳಗೆ ಒಂಟಿಯಾಗಿದ್ದ ಫೋನು, ದಾರಿ ಸಿಕ್ಕ ಕೂಡಲೇ, ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿತ್ತು.

ಸವಿತ ಉಳಿದಳು. ಮಗು ಉಳಿಯಲಿಲ್ಲ. ಗಂಡು ಮಗುವಂತೆ. ಇನ್ನೊಂದಿಷ್ಟು ಬೇಗ ಬಂದಿದ್ದರೆ ಎಂದು ಡಾಕ್ಟರು ಮಾತು ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದರಂತೆ. ಆ ವಾಕ್ಯದ ಉಳಿದರ್ಧವನ್ನು ನಾನು ಬೇರೆ ಬೇರೆ ರೀತಿಯಲ್ಲಿ ತುಂಬಿ ನೋಡಿದ್ದೇನೆ. ಪಂಚಾಂಗದ ಮೇಲೆ ಹಾಕಿದ್ದೇನೆ, ಮುಳ್ಳಿನ ಮೇಲೆ ಹಾಕಿದ್ದೇನೆ, ಆನೆ, ಗೇಟು, ಲೋಕೇಶ ಎಲ್ಲರ ಮೇಲೂ ಹಾಕಿದ್ದೇನೆ. ಹಳೇ ಕಬ್ಬಿಣ ತೂಗುವವಳಿಗೆ ತಕ್ಕಡಿ ಸುಳ್ಳು ಹೇಳಿದರೆ ಗೊತ್ತಾಗುತ್ತದೆ. ಕಡಿದ ಮರದ ತುದಿಗಳನ್ನು ಆಚೆ ತಟ್ಟೆಗೆ ಹಾಕಿದರೆ ಮುಳ್ಳು ಅಷ್ಟೇನೂ ತೂಗುವುದಿಲ್ಲ. ಪುಟ್ಟೇಗೌಡರನ್ನು ಕೇಳಿದ್ದರೆ ಹೇಳುತ್ತಿದ್ದರು. ಷಡ್ಡಕನನ್ನು ಕೇಳಿದ್ದರೆ ಹೇಳುತ್ತಿದ್ದ. ಇಡೀ ಕೊಪ್ಪಲಿಗೆ ಗೊತ್ತಿದ್ದ ಸಂಗತಿಯನ್ನು ನಾವು ಸ್ಕ್ರೂಡ್ರೈವರಿನಲ್ಲಿ ಹುಡುಕಿದೆವು.

ಹನ್ನೊಂದನೆಯ ದಿನ ಸಣ್ಣಮ್ಮಜ್ಜಿಯ ತಿಥಿಗೆ ಹೋದೆ. ಏನನ್ನೂ ಕೇಳಲು ಹೋಗಲಿಲ್ಲ, ಉಣ್ಣಲು ಹೋದೆ. ಜಯಮ್ಮ ನನ್ನ ಎಲೆಗೆ ಇನ್ನೊಂದು ವಡೆ ಹಾಕಿದರು. ಹೊನ್ನೆಹುಂಡಿಗೂ ಹೋಗಿಬಂದೆ. ಅಲ್ಲಿ ಯಾರೂ ನನ್ನನ್ನು ದೂರಲಿಲ್ಲ, ಕಾಫಿ ಕೊಟ್ಟರು. ಸವಿತ ಗೋಡೆ ಕಡೆ ಮುಖ ಮಾಡಿ ಕೂತಿದ್ದಳು, ತಲೆಗೂದಲು ಗಂಟುಗಟ್ಟಿತ್ತು. ‘ತಲೆ ಮುಟ್ಟಕ್ ಬುಡಾಕಿಲ್ಲ’ ಎಂದಳು ಗೌರಮ್ಮ. ಮೊದಲು ದಿನಾ ಹೂವು ಮುಡಿಯುತ್ತಿದ್ದ ಹುಡುಗಿಯಂತೆ. ಗೌರಮ್ಮ ನನಗೆ ಹೂವು ಕಳಿಸುವುದನ್ನು ನಿಲ್ಲಿಸಿದಳು. ದೀಪ ಹಸಿರಾಗಿತ್ತು, ಹೂವು ಮಾತ್ರ ಬರುತ್ತಿರಲಿಲ್ಲ. ಲೈನು ಚೆನ್ನಾಗಿದೆಯೋ ಇಲ್ಲವೋ ತಿಳಿಯಲು ನನಗೆ ಮತ್ತೆ ದಾರಿಯಿಲ್ಲದಂತಾಯಿತು.

ನೀವೂ ನಿಮ್ಮ ಊರಿನಲ್ಲಿ ಇಂಥದ್ದೊಂದು ನೆಟ್‌ವರ್ಕ್ ಕಟ್ಟಿಕೊಳ್ಳುವುದಾದರೆ ನನ್ನ ಮಾತು ಕೇಳಿ. ಕಂಬ ಗಟ್ಟಿಯಿರಲಿ, ಬೆರಳಿನಲ್ಲಿ ತಟ್ಟಿದರೆ ಗಂಟೆಯ ಹಾಗೆ ಅನ್ನಬೇಕು, ಮಡಕೆಯ ಹಾಗೆ ಅಲ್ಲ. ಕೊನೆಯ ಊರಿಗೆ ಎರಡು ದಾರಿ ಇರಲಿ. ಲೈನು ಹೋದರೆ ಯಾರಾದರೂ ಒಬ್ಬರು ಮೊದಲು ಆ ಊರಿಗೆ ಹೋಗಲಿ, ರಿಪೇರಿ ಆಮೇಲೆ. ಫೋನು ಹಚ್ಚಿದಾಗ ಕರೆಂಟ್ ಐತಾ ಎಂದು ಶುರುಮಾಡಬೇಡಿ. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೀರಾ ಎಂದು ಕೇಳಿ. ಲೋಕೇಶನಿಗೂ ಇದನ್ನೇ ಕಲಿಸಿದ್ದೇನೆ. ‘ಟೈಮ್ ವೇಸ್ಟು ಕಣಕ್ಕ’ ಎಂದು ಗೊಣಗುತ್ತಲೇ ಕೇಳುತ್ತಾನೆ. ಬಹಳ ಸಲ ಕೆಟ್ಟದ್ದು ಯಾವುದು ಎಂದು ಆ ಒಂದು ಪ್ರಶ್ನೆಗೇ ಗೊತ್ತಾಗಿಬಿಡುತ್ತದೆ ಎಂಬುದನ್ನು ಮಾತ್ರ ಒಪ್ಪಿಕೊಳ್ಳುವುದಿಲ್ಲ.

ಅವಧಿ ಮುಗಿದು, ಶಾಂತಿ ಮಾಡಿಸಿ, ಪುಟ್ಟೇಗೌಡರು ಮುಳ್ಳು ತೆಗೆದು ಮನೆ ಹೊಕ್ಕರು. ಮೈನ್ ಹಾಕಿದ ಕೂಡಲೇ ಬ್ಯಾರನ್ನಿನ ಮೇಲಿನ ಹಳೆಯ ತಟ್ಟೆಗಳೂ ಏನೂ ಆಗಿಯೇ ಇಲ್ಲವೆಂಬಂತೆ ಎದ್ದು ಕೂತವು. ಅವುಗಳಿಗೆ ಯಾವ ಕಾಯಿಲೆಯೂ ಇರಲೇ ಇಲ್ಲವಲ್ಲ. ಎರಡು ತುದಿಯಲ್ಲೂ ಅವುಗಳ ಎದುರಿಗೆ ಒಂದೊಂದು ತಟ್ಟೆ ಸೇರಿಸಿದೆವು. ಈಗ ಹುಂಡಿಗೆ ಎರಡು ದಾರಿ.

ಅದಾದ ಎರಡು ದಿನಕ್ಕೆ, ಅಂಗಡಿಯ ಬಾಗಿಲು ತೆಗೆಯುತ್ತಿದ್ದಾಗ, ಫೋನು ಸದ್ದು ಮಾಡಿತು. ಗೌರಮ್ಮ. ಹೂವಲ್ಲ.

‘ಲೈನ್ ಐತಾ ಅಕ್ಕ?’

ಐತೆ ಎಂದು ಬೆರಳು ಅರ್ಧ ಬರೆದಿತ್ತು. ಅಳಿಸಿದೆ. ‘ಸವಿತ ಏನ್ ಮಾಡ್ತಾವ್ಳೆ?’ ಎಂದು ಬರೆದು ಕಳಿಸಿದೆ. ಪಕ್ಕದಲ್ಲಿ, ಹೊರಟಿತು ಎಂಬ ಒಂದು ಗೀಟು ಬಿತ್ತು. ಅದು ದಿಣ್ಣೆ ಹತ್ತುತ್ತಿದೆ, ಬ್ಯಾರನ್ನಿನ ಮೇಲೋ ಚಿಕ್ಕೇಗೌಡನ ತಾರಸಿಯ ಮೇಲೋ ಕಾಲೂರಿ ಕಾಡಿನ ಕಡೆ ಇಳಿಯುತ್ತಿದೆ ಎಂದುಕೊಂಡು, ಬೀಗ ಕೈಯಲ್ಲಿ ಹಿಡಿದು ಅಲ್ಲೇ ನಿಂತೆ. ತಲುಪಿತು ಎಂಬ ಎರಡನೆಯ ಗೀಟು ಬಿತ್ತು. ಆಮೇಲೆ ಉತ್ತರ ಬಂತು.

‘ಜಗಲಿ ಮೇಲೆ ಕೂತು ತಲೆ ಬಾಚ್ಕೊತಾವ್ಳೆ.’

ಶೆಟರು ಎತ್ತಿ ಒಳಗೆ ಹೋದೆ. ಲೋಕೇಶ ಬಂದವನು ತಾರಸಿಯ ಕಡೆ ಕತ್ತೆತ್ತಿ, ‘ಲೈನ್ ಎಂಗಕ್ಕ ಇವತ್ತು?’ ಎಂದ.

ಬಂದಿದೆ ಕಣೋ, ಎಂದೆ. ಈಗ ತಾನೇ.